ಹತ್ತಿದ್ದೆಲ್ಲಿ

ಬೆಳಗಿನ ಆರೂ ಕಾಲಿಗೆ ಶಿವಮೊಗ್ಗ ಬಿಡುತ್ತದೆ ನನ್ನ ಗಾಡಿ.
ಆನಂದಪುರ, ಸಾಗರ, ಸಿದ್ದಾಪುರ, ಶಿರಸಿ, ಕೊನೆಗೆ ಯಲ್ಲಾಪುರ.
ಹನ್ನೊಂದು ವರ್ಷದಿಂದ ನಾನು ಕೇಳುವುದು ಎರಡೇ ಪ್ರಶ್ನೆ:
ಎಲ್ಲಿಂದ? ಎಲ್ಲಿಗೆ?
ಉಳಿದದ್ದು ಚಿಲ್ಲರೆ.

ನನ್ನನ್ನು ಕೇಳುವವರೂ ಇದ್ದಾರೆ.
ಕಿಟಕಿ ಪಕ್ಕದ ಹೆಂಗಸು, ಮಡಿಲಲ್ಲಿ ಸೇವಂತಿಗೆ ದಂಡೆ,
'ನಿಮ್ಮ ಕನ್ನಡ ಎಷ್ಟು ಚಂದ! ಎಲ್ಲಿ ಕಲಿತಿರಿ?'
ಅವ್ವನ ಹತ್ತಿರ, ಅಂದೆ.
'ಹಾಗಲ್ಲ, ಊರು?'
ಯಲ್ಲಾಪುರದ ಹತ್ತಿರ.
'ಅದಕ್ಕೂ ಮುಂಚೆ?'
ತಾಳಗುಪ್ಪ ಬಂತು ಅಂತ ಸೀಟಿ ಊದಿದೆ.
ಇಳಿಯುವಾಗ ಪಕ್ಕದವಳಿಗೆ ಹೇಳುತ್ತಿದ್ದಳು,
'ಕಪ್ಪಗಿದ್ದರೂ ಲಕ್ಷಣವಾಗಿದಾಳೆ ನೋಡು.'
ಆ 'ದ್ದರೂ' ಇದೆಯಲ್ಲ,
ಅದಕ್ಕೆ ನನ್ನ ಮಷಿನ್ನಿನಲ್ಲಿ ದರ ಇಲ್ಲ.

ಕಳೆದ ವಾರ ಕಾಲೇಜಿನ ಹುಡುಗಿಯೊಬ್ಬಳು, ಹೆಸರು ಹಿಮಜಾ,
ಕಾಗದ ಹಿಡಿದು ಡಿಪೋಕ್ಕೇ ಬಂದಳು.
ಕಪ್ಪು ಜನರ ಚರಿತ್ರೆಯ ದಿನವಂತೆ,
ಹೊರದೇಶದಲ್ಲಿ ತಿಂಗಳಿಡೀ ಮಾಡುತ್ತಾರಂತೆ,
ನೀವು ಬರಲೇಬೇಕು, ಆದರೆ ಡಮಾಮಿ ತನ್ನಿ,
ಎಲೆ ಉಟ್ಟು ಕುಣಿಯುವವರು ನಾಲ್ಕು ಜನ ಸಿಕ್ಕರೆ...
ಹುಡುಗಿಯ ಕಣ್ಣಲ್ಲಿ ಕೆಟ್ಟದ್ದೇನೂ ಇರಲಿಲ್ಲ.
ನಮ್ಮ ಮನೆಯಲ್ಲಿ ಎಲೆ ಉಟ್ಟವರನ್ನು ನಾನು ಕಂಡಿಲ್ಲ.
ಎಲೆಯಲ್ಲಿ ಉಂಡವರನ್ನು ಕಂಡಿದ್ದೇನೆ,
ಬೇರೆಯವರ ಅಂಗಳದ ತುದಿಯಲ್ಲಿ.

ಹೋದೆ, ಖಾಕಿಯಲ್ಲೇ.
ಗೋಡೆ ತುಂಬ ಕಡಲಾಚೆಯ ಮುಖಗಳು.
ಹೆಸರು ಕೂಡಿಸಿ ಓದಿದೆ, ನಾಲಗೆ ಹೊರಳಲಿಲ್ಲ.
ಒಬ್ಬಾಕೆಯ ಹಣೆ ಥೇಟ್ ನಮ್ಮ ನತಾಲಜ್ಜಿಯದು,
ಒಬ್ಬನ ನಗು ಗುಂಜಾವತಿಯ ಮಾವನದು.
ಎದೆ ತುಂಬಿ ಬಂದದ್ದು ಸುಳ್ಳಲ್ಲ.
ಗೆದ್ದಿದ್ದಾರೆ ನಮ್ಮವರು,
ಎಲ್ಲೋ, ನಮಗೆ ಸುದ್ದಿಯೇ ಇಲ್ಲದೆ.
ಆದರೆ ನತಾಲಜ್ಜಿಯದೊಂದು ಪಟ ನಮ್ಮ ಗೋಡೆಗಿಲ್ಲ,
ರೇಷನ್ ಕಾರ್ಡಿನ ಆ ಮಸಿಮುಖ ಬಿಟ್ಟರೆ.

ನಾಲ್ಕು ಮಾತಾಡಿ ಅಂತ ಸ್ಟೇಜಿಗೆ ಹತ್ತಿಸಿದರು.
ನನಗೆ ಗೊತ್ತಿರುವ ಸ್ಟೇಜು ಟಿಕೆಟ್ಟಿನದು,
ಕೆಲವು ಮೈಲಿಗೊಂದು.
ಬಾಯಿ ಒಣಗಿತು. ಅಭ್ಯಾಸಬಲ,
ಮುಂದಿನ ಸಾಲಿಗೇ ಕೇಳಿಬಿಟ್ಟೆ: ಎಲ್ಲಿಂದ?
ನಕ್ಕರು. ಭದ್ರಾವತಿ, ಅಂದರು. ಹೊಸನಗರ. ಕುಂಸಿ.
ಅದಕ್ಕೂ ಮುಂಚೆ?
ಒಬ್ಬರು ಘಟ್ಟದ ಕೆಳಗಿಂದ ಅಂದರು,
ಒಬ್ಬರು ಮುತ್ತಜ್ಜನ ಹೆಸರಿಗೆ ತಡಕಾಡಿದರು.
ಅದಕ್ಕೂ ಮುಂಚೆ?
ಫ್ಯಾನು ತಿರುಗುವ ಸದ್ದು.

ನಮ್ಮವರು ಹತ್ತಿದ್ದೆಲ್ಲಿ ಅಂತ ನನಗೂ ಗೊತ್ತಿಲ್ಲ, ಅಂದೆ.
ಹಡಗಿನ ಹೆಸರಿಲ್ಲ. ಹತ್ತಿಸಿದವನ ಹೆಸರಿಲ್ಲ.
ಈಗ ಹೆಂಗಸರಿಗೆ ನಾನು ಹರಿದು ಕೊಡುವುದು ಸೊನ್ನೆ ಟಿಕೆಟು.
ಅವರ ಪಯಣಕ್ಕೂ ದರ ಇರಲಿಲ್ಲ.
ದರ ಇದ್ದದ್ದು ಅವರಿಗೆ.
ಗೋವೆಯಲ್ಲಿ ಇಳಿಸಿದರು, ಕಾಡು ಹೊಕ್ಕು ಘಟ್ಟಕ್ಕೆ ಓಡಿ ಬಂದೆವು,
ಅಜ್ಜಿ ಹೇಳುತ್ತಿದ್ದದ್ದು ಇಷ್ಟೇ.
ಓಡಿ ಬಂದದ್ದನ್ನು ಕೈ ಬೀಸಿ ಬೀಸಿ ಹೇಳುತ್ತಿದ್ದಳು,
ಇಳಿಸಿದ್ದನ್ನು ಒಲೆ ಊದುತ್ತ.

ಚಪ್ಪಾಳೆ ಬಿತ್ತು. ಶಾಲು ಬಿತ್ತು. ಹಣ್ಣಿನ ಬುಟ್ಟಿ.
ಗೇಟಿನವರೆಗೆ ಬಂದ ಹಿಮಜಾ
'ಮುಂದಿನ ವರ್ಷವೂ ಬರ್ತೀರಲ್ಲ?' ಅಂದಳು.
ದಿನಾ ಬರ್ತೀನಮ್ಮ, ಆರೂ ಕಾಲಿಗೆ.
ಒಂದು ದಿನ ಹತ್ತು.

ಯಲ್ಲಾಪುರದಲ್ಲಿ ಎಲ್ಲರೂ ಇಳಿದ ಮೇಲೆ
ಸೀಟಿನಡಿ ಬಗ್ಗಿ ನೋಡುವುದು ನನ್ನ ಕೆಲಸ.
ಒಂದು ಕೊಡೆ, ಮಗುವಿನ ಒಂಟಿ ಚಪ್ಪಲಿ, ಡಬ್ಬಿಯ ಮುಚ್ಚಳ.
ರಿಜಿಸ್ಟರಿನಲ್ಲಿ ಬರೆಯುತ್ತೇನೆ:
ವಾರಸುದಾರರು ಬಂದಲ್ಲಿ ಕೊಡತಕ್ಕದ್ದು.

ಕೂಸು ಮಲಗಿಸುವಾಗ ಅಜ್ಜಿ ಅನ್ನುತ್ತಿದ್ದ ಒಂದು ಮಾತಿದೆ,
ಕೊಂಕಣಿಯಲ್ಲ, ಕನ್ನಡವಲ್ಲ, ಮರಾಠಿಯೂ ಅಲ್ಲ.
ಅರ್ಥ ಅವಳಿಗೂ ಗೊತ್ತಿರಲಿಲ್ಲ.
ಕೂಸು ಮಾತ್ರ ಮಲಗುತ್ತಿತ್ತು.
ಅದನ್ನೂ ಬರೆಯಬೇಕು.
ಯಾವ ಕಾಲಮ್ಮಿಗೆ ಅಂತ ತಿಳಿಯದೆ
ಪೆನ್ನು ಹಿಡಿದು ಕೂತಿದ್ದೇನೆ,
ಖಾಲಿ ಬಸ್ಸಿನಲ್ಲಿ, ದೀಪ ಆರಿಸದೆ.